ಮೌನದ ಬಿಲ್ಲೆ ಕಟ್ಟಿಕೊಂಡವಳು

ಮೊದಲಿಗೇ ಕ್ಷಮೆ ಕೇಳಬೇಕು. ಈ ಅಕ್ಷರಗಳು ಬಸ್ಸಿನಲ್ಲಿ ನಿದ್ದೆ ಬಂದವರ ಹಾಗೆ ಒಂದರ ಮೇಲೊಂದು ಒರಗಿಕೊಂಡಿವೆ. ಒತ್ತಕ್ಷರಗಳಂತೂ ಎಷ್ಟು ಹುಷಾರಾಗಿ ಬರೆದರೂ ಕೆಳಗಿನ ಸಾಲಿಗೆ ಜಾರಿಬಿಡುತ್ತವೆ. ಮಾತುಗಳೂ ಅಷ್ಟಕ್ಕಷ್ಟೇ. ಗೋಡೆ ಪತ್ರಿಕೆಗೆ “ಶಿಬಿರದಲ್ಲಿ ಕಂಡ ಯಾರಾದರೊಬ್ಬರ ಬಗ್ಗೆ ಬರೆದುಕೊಡಿ” ಎಂದು ಹೇಳಿದ್ದಾರೆ. ಬೇರೆಯವರ ಬಗ್ಗೆ ಬರೆದರೆ ಏನಾದರೂ ತಪ್ಪಾಗಿ ಅವರಿಗೆ ಬೇಜಾರಾದೀತು. ತನ್ನ ಬಗ್ಗೆಯೇ ಬರೆದುಕೊಂಡರೆ ಬೇಜಾರಾಗುವುದು ಬರೆದವಳೊಬ್ಬಳಿಗೇ. ಆದರೆ “ನಾನು” ಎಂದು ಬರೆಯಲು ಹೋದರೆ ಪೆನ್ನು ಮುಂದಕ್ಕೇ ಹೋಗುವುದಿಲ್ಲ. ಹಾಗಾಗಿ “ಅವಳು” ಎಂದು ಬರೆದಿದೆ. ದಯವಿಟ್ಟು ಹೊಂದಿಸಿಕೊಂಡು ಓದಿ.

ಅವಳು ಹೋದ ವರ್ಷ ಶಾಲೆ ಬಿಟ್ಟಳು. ಬಿಟ್ಟಳು ಎನ್ನುವುದಕ್ಕಿಂತ ಅವಳ ಹೊಟ್ಟೆ ಬಿಡಿಸಿತು ಎನ್ನುವುದೇ ಸರಿ. ತರಗತಿಯಲ್ಲಿ ಒಬ್ಬೊಬ್ಬರೇ ಎದ್ದು ನಿಂತು ಪಾಠ ಓದಬೇಕಿತ್ತು. ಓದುವ ಸರದಿ ಬೆಂಚಿನಿಂದ ಬೆಂಚಿಗೆ ದಾಟಿಕೊಂಡು ಹತ್ತಿರ ಬಂದ ಹಾಗೆ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಎದ್ದು ನಿಂತರೆ ಗಂಟಲು ಕಟ್ಟಿಬಿಡುತ್ತಿತ್ತು. ಒಂದು ದಿನ ಹಾಗೇ ನಿಂತಳು, ನಿಂತಳು, ಕೊನೆಗೆ ಪೀರಿಯಡ್ಡು ಮುಗಿದ ಗಂಟೆ ಹೊಡೆಯಿತು. ಮಾರನೆಯ ದಿನದಿಂದ ಹೊಟ್ಟೆನೋವು. ಯೂನಿಫಾರ್ಮು ಹಾಕುವಾಗ ಶುರುವಾಗಿ, ಶಾಲೆಯ ಹೊತ್ತು ಮೀರಿದ ಕೂಡಲೇ ವಾಸಿಯಾಗುವ ನೋವು. ಅಷ್ಟು ಶಿಸ್ತಿನ ಹೊಟ್ಟೆ ಇಡೀ ಶಾಲೆಯಲ್ಲಿ ಇನ್ನೊಂದಿರಲಿಲ್ಲ. ಕಡೆಗೆ ಅದೇ ಗೆದ್ದಿತು. ಅಂದಿನಿಂದ ಅವಳು ಮನೆಯಲ್ಲಿ ಅಮ್ಮನ ಹೊಲಿಗೆಗೆ ಕೈ ಜೋಡಿಸುತ್ತಾಳೆ. ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಅವಳ ಪಾಲು. ಹಚ್ಚಿದ ಗುಂಡಿ ಒಂದು ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹಚ್ಚುತ್ತಾಳೆ. “ಬಟ್ಟೆ ಹರಿಯೋ ಹೊತ್ತಿಗೆ ನಿನ್ನ ಕೆಲಸ ಮುಗಿಯುತ್ತೆ ಬಿಡು” ಎನ್ನುತ್ತಾಳೆ ಅಮ್ಮ.

ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಅವಳ ಅತ್ತೆ, ಎಂದರೆ ಅಪ್ಪನ ಅಕ್ಕ, ಬೇರೆ ಊರಿನಲ್ಲಿ ಹೆಡ್ ಮೇಡಂ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಗ್ಯಾರೇಜಿನಲ್ಲಿ ಲಾರಿ ಡ್ರೈವರುಗಳನ್ನೇ ಗದರಿಸುವ ಅಪ್ಪ, ಅಕ್ಕನ ಫೋನು ಬಂದರೆ ಎದ್ದು ನಿಂತು ಮಾತಾಡುತ್ತಾನೆ. ಮಗಳು ಶಾಲೆ ಬಿಟ್ಟ ಸುದ್ದಿ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಪ್ರತಿ ಸಲವೂ “ಚೆನ್ನಾಗಿ ಓದ್ತಿದಾಳೆ ಅಕ್ಕ” ಎಂದು ಹೇಳಿ, ಫೋನು ಇಟ್ಟು, ಹಣೆ ಒರೆಸಿಕೊಳ್ಳುತ್ತಿದ್ದ. ಈ ವರ್ಷ ಮನೆಯವರು ಈ ಭಕ್ತಿ ಶಿಬಿರಕ್ಕೆ ಹೊರಟಾಗ ಆ ಅತ್ತೆಯೇ “ಶಿಬಿರಕ್ಕೆ ನಾನೂ ಬರ್ತೀನಿ, ಎಲ್ರೂ ಒಟ್ಟಿಗೆ ಇರೋಣ” ಎಂದುಬಿಟ್ಟರು.

ಬಸ್ಸಿನಲ್ಲಿ ಅಪ್ಪ ಮಗಳಿಗೆ ಪಾಠ ಹೇಳಿಕೊಟ್ಟ.

“ಅತ್ತೆ ಏನು ಕೇಳಿದ್ರೂ ಹೂಂ ಅನ್ನು, ಸಾಕು. ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ. ದೇವರ ಜಾಗಕ್ಕೆ ಹೋಗ್ತಿದೀವಿ.”

“ಹೂಂ ಅನ್ನೋದು ಸುಳ್ಳಲ್ವಾ?” ಎಂದಳು ಅಮ್ಮ.

“ಅಲ್ಲ. ಅದು ಬರೀ ಉಸಿರು.”

ಶಿಬಿರಕ್ಕೆ ಬಂದು ಇಳಿದರೆ, ಅತ್ತೆಯೊಬ್ಬರೇ ಅಲ್ಲ, ಎದುರಿಗೆ ಸಿಕ್ಕವರೆಲ್ಲ ಅದನ್ನೇ ಕೇಳುವವರು. ಹೆಂಗಸರ ಉದ್ದ ಕೋಣೆಯಲ್ಲಿ ಮಂಚ ತೋರಿಸಿದವರು ಕೇಳಿದರು, ಬಕೆಟ್ಟು ಕೊಟ್ಟವರು ಕೇಳಿದರು, ದಿಂಬಿಗೆ ಗವಸು ಹಾಕುತ್ತಿದ್ದ ಅಜ್ಜಿ ಕೇಳಿದರು. “ಎಷ್ಟನೇ ಕ್ಲಾಸಮ್ಮಾ?” ಅವಳು ಪ್ರತಿ ಸಲವೂ ಕೆಮ್ಮಿದಳು. ಆ ಅಜ್ಜಿ ಬೆಚ್ಚಗಿನ ನೀರು ತಂದುಕೊಟ್ಟರು.

ಅಷ್ಟರಲ್ಲಿ ಅವಳಿಗೆ ಕಾಣಿಸಿದ್ದು ಕಚೇರಿಯ ಕಿಟಕಿಯ ಪಕ್ಕ ಮೊಳೆಗಳಿಗೆ ನೇತುಹಾಕಿದ್ದ ಮರದ ಬಿಲ್ಲೆಗಳು. ಒಂದೊಂದರ ಮೇಲೂ “ಮೌನ” ಎಂದು ಕೊರೆದಿತ್ತು. ಕಿಟಕಿಯ ಒಳಗೆ ಕೂತಿದ್ದ ಉಗ್ರಾಣದ ತಾತ ನಿಯಮ ಹೇಳಿದರು. ಬಿಲ್ಲೆ ಕೊರಳಿಗೆ ಹಾಕಿಕೊಂಡವರು ಮಾತಾಡುವ ಹಾಗಿಲ್ಲ. ಅವರನ್ನು ಯಾರೂ ಮಾತಾಡಿಸಿ ಉತ್ತರ ಕೇಳುವ ಹಾಗಿಲ್ಲ. ಬರೆದು ತೋರಿಸಿದರೂ ಅದು ಮಾತೇ. ಸಾಕು ಅನ್ನಿಸಿದಾಗ ಬಿಲ್ಲೆಯನ್ನು ಇದೇ ಕಿಟಕಿಗೆ ತಂದುಕೊಟ್ಟು ಆಮೇಲೆ ಬಾಯಿ ಬಿಡಬೇಕು.

“ಜನ ಭಾರಿ ಹುರುಪಿನಿಂದ ಹಾಕ್ಕೋತಾರೆ, ಊಟದ ಹೊತ್ತಿಗೆ ವಾಪಸ್ ತರ್ತಾರೆ. ನೀನು ಎಷ್ಟು ಹೊತ್ತಿಗೆ ತರ್ತೀಯಮ್ಮಾ?”

ಅವಳು ಆಗಲೇ ಹಾಕಿಕೊಂಡಾಗಿತ್ತು. ಉತ್ತರ ಹೇಳಿದರೆ ನಿಯಮ ಮುರಿದ ಹಾಗೆ. ಆದ್ದರಿಂದ ಶಿಬಿರದ ಗೇಟು ತೋರಿಸಿ, ಹೊರಟುಹೋಗುವ ಹಾಗೆ ಕೈ ಮಾಡಿದಳು. ಮನೆಗೆ ಹೋಗುವ ತನಕ ಎಂದು ಅರ್ಥ. ತಾತ ಕನ್ನಡಕ ತೆಗೆದು ಅವಳನ್ನು ನೋಡಿದರು. ಆಮೇಲೆ ಎದ್ದು ನಿಂತು ಕೈ ಮುಗಿದರು. ಅವಳು ಗಾಬರಿಯಿಂದ ತಾನೂ ಕೈ ಮುಗಿದು ಓಡಿದಳು.

ಬಚಾವಾದೆ ಎಂದುಕೊಂಡಳು. ಅತ್ತೆ ಬಂದು ಬಿಲ್ಲೆ ನೋಡಿ, ಕೆನ್ನೆ ಸವರಿ, “ನನ್ನ ತಮ್ಮನ ಮಗಳು ನೋಡ್ರಿ” ಎಂದು ಮಂಚಮಂಚಕ್ಕೂ ಹೇಳಿಕೊಂಡು ಬಂದರು. ಬಾಗಿಲ ಹೊರಗೆ ಕೇಳಿಸಿಕೊಂಡ ಅಪ್ಪನ ಮುಖ ಇಷ್ಟಗಲ ಆಯಿತು. ಹೂಂ ಅನ್ನುವ ಉಸಿರನ್ನೂ ಮಗಳು ಉಳಿಸಿದ್ದಳು.

ಆದರೆ ಮೌನ ಎನ್ನುವುದು ಅವಳು ಅಂದುಕೊಂಡಷ್ಟು ಸುಲಭದ ಕೆಲಸವಾಗಿರಲಿಲ್ಲ. ಶಿಬಿರದ ದಿನ ಬೆಳಗಿನ ಗಂಟೆಯಿಂದ ಶುರು. ಸ್ನಾನದ ಮನೆಯ ಮುಂದೆ ಬಕೆಟ್ಟುಗಳ ಸಾಲು, ಆಮೇಲೆ ಪ್ರಾರ್ಥನೆ, ಅಂಗಳ ಗುಡಿಸುವುದು, ಉಪನ್ಯಾಸ, ಊಟ, ಮಧ್ಯಾಹ್ನದ ನಿದ್ದೆ, ಸಂಜೆಯ ಹಾಡು. ಎಲ್ಲದಕ್ಕೂ ಬಾಯಿ ಬೇಕು. ಎರಡನೆಯ ದಿನವೇ ಸ್ನಾನದ ಮನೆಯ ಚಿಲಕ ಸಿಕ್ಕಿಹಾಕಿಕೊಂಡಿತು. ಹೊರಗೆ ಪ್ರಾರ್ಥನೆ ಶುರುವಾಗಿತ್ತು. ಕೂಗುವ ಹಾಗಿಲ್ಲ. ಅವಳು ಬಾಗಿಲು ಬಡಿದಳು. ಮರ್ಯಾದೆಯಿಂದ, ಒಂದೇ ಸಮನೆ ಬಡಿದಳು. ಪ್ರಾರ್ಥನೆ ಹಾಡುವವರು ಯಾರೋ ತಾಳ ಹಾಕುತ್ತಿದ್ದಾರೆ ಎಂದುಕೊಂಡು ಅದಕ್ಕೆ ಸರಿಯಾಗಿ ಹಾಡತೊಡಗಿದರು. ಅವಳು ಹೆದರಿ ಜೋರಾಗಿ ಬಡಿದರೆ ಅವರೂ ಜೋರು ಮಾಡಿದರು. ಆವತ್ತಿನ ಪ್ರಾರ್ಥನೆ ಬಹಳ ಚೆನ್ನಾಗಿ ಬಂತು ಎಂದು ಎಲ್ಲರೂ ಹೇಳಿದರು. ಯಾರೋ ಚಿಲಕ ಬಿಡಿಸಿ, ಅವಳು ಒದ್ದೆ ತಲೆಯಲ್ಲಿ ಹೊರಗೆ ಬಂದದ್ದು ತಿಂಡಿಯ ಹೊತ್ತಿಗೆ.

ಅವಳ ಪಾಲಿನ ಸೇವೆ ಪಾತ್ರೆ ತೊಳೆಯುವುದು. ಅಲ್ಲಿ ಜೊತೆಗೆ ಇದ್ದದ್ದು ಎಲ್ಲರೂ ಪಾತ್ರೆ ಅಕ್ಕ ಎನ್ನುವ ಹೆಂಗಸು. ಎದುರುತ್ತರ ಕೊಡದ ಕಿವಿ ಸಿಕ್ಕಿದ್ದೇ ಪಾತ್ರೆ ಅಕ್ಕನಿಗೆ ಹಬ್ಬ.

“ನಿನ್ನ ಹತ್ರ ಹೇಳಿದ್ರೆ ಎಲ್ಲೂ ಹೋಗಲ್ಲ ನೋಡು. ನಮ್ಮನೆಯವ್ರಿಗೆ ಗೊರಕೆ. ಗಂಡಸರ ಕೋಣೆಯಲ್ಲಿ ಎಲ್ರೂ ಮಂಚ ದೂರ ಎಳ್ಕೊಂಡಿದಾರಂತೆ. ಆ ತಪ್ಪಲೆ ಇಲ್ಲಿ ಕೊಡು. ಉಪನ್ಯಾಸದಲ್ಲಿ ಹೇಳೋದೆಲ್ಲ ನಿಂಗೆ ಅರ್ಥ ಆಗುತ್ತಾ? ನಂಗೆ ನಿದ್ದೆ ಬರುತ್ತೆ. ಕಣ್ಣು ಮುಚ್ಕೊಂಡ್ರೆ ಭಕ್ತಿ ಅಂತಾರೆ ಜನ, ಒಳ್ಳೇದೇ ಆಯ್ತು.”

ಅವಳಿಗೂ ಅದೇ ಆಗಿತ್ತು. ಹೆದರಿ ತಲೆ ತಗ್ಗಿಸಿದರೆ ವಿನಯ ಎಂದರು. ಇನ್ನೊಂದು ಸಲ ಬಡಿಸಿ ಎಂದು ಕೇಳಲಾಗದೆ ಹಸಿದು ಎದ್ದರೆ ಮಿತಾಹಾರ ಎಂದರು. ಮೂರನೆಯ ದಿನ ಉಪನ್ಯಾಸದಲ್ಲಿ ದೊಡ್ಡವರೊಬ್ಬರು ಅವಳ ಕಡೆ ಕೈ ತೋರಿಸಿ, “ಓದಿನ ಒತ್ತಡದ ನಡುವೆಯೂ ಈ ಮಗು ಮಾತನ್ನು ಗೆದ್ದಿದೆ” ಎಂದರು. ಅಂದು ಮಧ್ಯಾಹ್ನ ತಾಯಂದಿರು ಕಿಟಕಿಗೆ ಮುಗಿಬಿದ್ದು ತಮ್ಮತಮ್ಮ ಮಕ್ಕಳ ಕೊರಳಿಗೆ ಬಿಲ್ಲೆ ನೇತುಹಾಕಿದರು. ಅಂಗಳದಲ್ಲಿ ಮಕ್ಕಳ ಆಟ ನಿಂತುಹೋಯಿತು. ಹುಡುಗರು ಅವಳಿಗೆ “ಬೀಗ” ಎಂದು ಹೆಸರಿಟ್ಟರು. ಮೌನದಲ್ಲಿದ್ದದ್ದರಿಂದ ಕೂಗಲಾಗದೆ, ಅವಳು ಎದುರಾದಾಗಲೆಲ್ಲ ಬೀಗ ಹಾಕುವ ಹಾಗೆ ಕೈ ತಿರುಗಿಸಿ ತೋರಿಸುತ್ತಿದ್ದರು. ಅವಳು ಅದಕ್ಕೂ ತಲೆ ತಗ್ಗಿಸಿದಳು. ಇನ್ನಷ್ಟು ವಿನಯ.

ಶಿಬಿರದ ಊಟದ ಮನೆಯಲ್ಲಿ ಒಂದು ಪದ್ಧತಿ ಇದೆ. ಎಲ್ಲರೂ ಸುಮ್ಮನೆ ಊಟ ಮಾಡುತ್ತಾರೆ, ಒಬ್ಬರು ಮುಂದೆ ಮೇಜಿನ ಹಿಂದೆ ನಿಂತು ಪ್ರಾರ್ಥನೆಯ ಪುಸ್ತಕದಿಂದ ಒಂದು ಪುಟ ಓದುತ್ತಾರೆ. ಓದಿದವರು ಆಮೇಲೆ ಊಟಕ್ಕೆ ಕೂರುತ್ತಾರೆ. ಮೊನ್ನೆ ಅತ್ತೆ ಪಾತ್ರೆ ತೊಳೆಯುವ ಜಾಗಕ್ಕೇ ಬಂದು, ಅವಳ ಒದ್ದೆ ಕೈ ಹಿಡಿದುಕೊಂಡರು.

“ಕೊನೇ ದಿನ ಮಧ್ಯಾಹ್ನ ಓದೋದು ನೀನೇ. ನಾನೇ ಹೇಳಿ ಬಂದಿದೀನಿ. ಇಷ್ಟು ದಿನ ಸುಮ್ಮನಿದ್ದ ಬಾಯಿಂದ ಮೊದಲ ಮಾತು ಅದೇ ಬರ್ಲಿ. ಎಲ್ರೂ ಒಪ್ಕೊಂಡ್ರು. ನಂಗೆಷ್ಟು ಹೆಮ್ಮೆ ಆಯ್ತು ಗೊತ್ತಾ?”

ಎದ್ದು ನಿಲ್ಲುವುದು, ಎಲ್ಲರೆದುರು ಓದುವುದು. ಯಾವುದಕ್ಕೆ ಹೆದರಿ ಶಾಲೆ ಬಿಟ್ಟಳೋ ಅದೇ, ಈಗ ಇಡೀ ಶಿಬಿರದಷ್ಟು ದೊಡ್ಡದಾಗಿ ಬಂದು ಎದುರಿಗೆ ನಿಂತಿತ್ತು. ಹೊಟ್ಟೆ ಹಳೆಯ ಶಿಸ್ತಿನಿಂದ ನೋಯಲು ಶುರುವಾಯಿತು. ಹೊಟ್ಟೆನೋವು ಎಂದು ಮಲಗಿಬಿಡಬಹುದಿತ್ತು. ಆದರೆ ಅತ್ತೆ ಪಕ್ಕದಲ್ಲೇ ಕೂತು ಹಣೆ ಒತ್ತುತ್ತಾರೆ, “ಪಾಪ, ಪರೀಕ್ಷೆಗೆ ಓದಿ ಓದಿ ಸೋತಿದಾಳೆ” ಎನ್ನುತ್ತಾರೆ. ಅದನ್ನು ನೆನೆದರೆ ಹೊಟ್ಟೆಗಿಂತ ಹೆಚ್ಚು ಬೇರೆಲ್ಲೋ ನೋಯುತ್ತಿತ್ತು. ಹೇಳಿದರೆ ಅಪ್ಪನ ಮಾನ ಹೋಗುತ್ತದೆ. ಹೇಳದಿದ್ದರೆ ಅತ್ತೆಯ ಮಾನ ಊಟದ ಮನೆಯಲ್ಲಿ ಹೋಗುತ್ತದೆ.

ನಿನ್ನೆ ಬೆಳಿಗ್ಗೆ ಅವಳು ಅತ್ತೆಯ ಸೆರಗು ಹಿಡಿದು ಎಳೆದುಕೊಂಡೇ ಕಚೇರಿಯ ಕಿಟಕಿಗೆ ಹೋದಳು. ಅಲ್ಲೇ ಹೇಳಿಬಿಡಬಹುದಿತ್ತು, ಆದರೆ ಬಿಲ್ಲೆ ವಾಪಸ್ ಕೊಡದೆ ಮಾತಾಡುವ ಧೈರ್ಯ ಅವಳಿಗಿಲ್ಲ. ಬಿಲ್ಲೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಇಷ್ಟು ದಿನದ ಮೌನದ ನಂತರ ಈ ಮಗು ಏನು ನುಡಿಯುತ್ತದೋ ಎಂದು ಉಗ್ರಾಣದ ತಾತ ಕಿವಿಗೆ ಕೈ ಒಡ್ಡಿ ಮುಂದಕ್ಕೆ ಬಾಗಿದರು.

“ಅತ್ತೆ,” ಎಂದಳು. ದನಿ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆಂದಿತು. “ನಾನು ಸ್ಕೂಲಿಗೆ ಹೋಗ್ತಿಲ್ಲ. ಹೋದ ವರ್ಷಾನೇ ಬಿಟ್ಟೆ. ನಂಗೆ ಎದ್ದು ನಿಂತು ಓದಕ್ಕೆ ಬರಲ್ಲ. ಯಾರೂ ಕೇಳ್ದೆ ಇರ್ಲಿ ಅಂತ ಇದನ್ನ ಹಾಕ್ಕೊಂಡೆ, ಅಷ್ಟೇ.”

ತಾತ ನಿಧಾನವಾಗಿ ಕಿವಿಯ ಕೈ ತೆಗೆದು, ಬೀಗದ ಕೈ ಗೊಂಚಲು ಹುಡುಕುವವರ ಹಾಗೆ ಮೇಜಿನ ಕೆಳಗೆ ಬಗ್ಗಿದರು.

ಅತ್ತೆಯ ಮುಖ ಕೆಂಪಾಯಿತು. ಅಂಗಳದ ಆಚೆ ಅಪ್ಪ ಯಾರ ಜೊತೆಗೋ ನಗುತ್ತ ನಿಂತಿದ್ದದ್ದು ಕಾಣಿಸಿತು. ಅವರು ಬೈಯಲು ಬಾಯಿ ತೆರೆದರು. ಆಮೇಲೆ ಕಟ್ಟೆಯ ಮೇಲಿದ್ದ ಬಿಲ್ಲೆಯನ್ನು ತೆಗೆದು ತಮ್ಮ ಕೊರಳಿಗೇ ಹಾಕಿಕೊಂಡು ನಡೆದುಬಿಟ್ಟರು.

ಅಕ್ಕ ಬೈದರೆ ಏನು ಮಾಡಬೇಕೆಂದು ಅಪ್ಪನಿಗೆ ಗೊತ್ತು, ತಲೆ ತಗ್ಗಿಸಿ ನಿಂತರಾಯಿತು. ಸುಮ್ಮನಿದ್ದರೆ ಏನು ಮಾಡಬೇಕೆಂದು ಗೊತ್ತಿಲ್ಲ. ಅವನು ಚಹಾ ತಂದುಕೊಟ್ಟ, ಅತ್ತೆ ಕುಡಿದರು. ಚಪ್ಪಲಿ ಒರೆಸಿ ಇಟ್ಟ, ಮೆಟ್ಟಿಕೊಂಡು ಹೋದರು. ಮಗಳನ್ನು ನೋಡಿದ, ಅವಳ ಕೊರಳು ಖಾಲಿ ಇತ್ತು. ಅವನ ಮುಖ ಬಿಳಿಚಿಕೊಂಡಿತು. ಅಡುಗೆಮನೆಯ ಮುಂದೆ ಚಹಾಕ್ಕೆ ಸಾಲು ನಿಂತಿದ್ದವರ ಪಕ್ಕದಲ್ಲೇ ಅಕ್ಕನ ಹಿಂದೆ ಹಿಂದೆ ಓಡಿದ.

“ಅಕ್ಕಾ, ಬೈದ್ಬಿಡು. ಒಂದೆರಡು ಮಾತು ಬೈದ್ಬಿಡು. ಅವ್ಳದೇನೂ ತಪ್ಪಿಲ್ಲ. ಸ್ಕೂಲು ಬಿಟ್ಟಿದ್ದನ್ನ ಹೇಳ್ಬೇಡ ಅಂದಿದ್ದು ನಾನು. ಹೂಂ ಅನ್ನು ಅಂತ ಕಲಿಸಿದ್ದು ನಾನು. ನೀನು ನನ್ನ ಬಗ್ಗೆ ಏನಂದ್ಕೋತೀಯೋ ಅಂತ ಹೆದರಿಕೊಂಡು ವರ್ಷಪೂರ್ತಿ ಫೋನಲ್ಲಿ ಸುಳ್ಳು ಹೇಳಿದೀನಿ.”

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಅಯ್ಯೋ, ಇಷ್ಟೇನಾ” ಎಂದಳು ಪಾತ್ರೆ ಅಕ್ಕ. “ಸ್ವಲ್ಪ ದಾರಿ ಬಿಡಿಯಣ್ಣ, ಹಂಡೆ ಬಿಸಿ ಇದೆ.”

ಜನ ದಾರಿ ಬಿಟ್ಟರು. ಸಾಲು ಮುಂದಕ್ಕೆ ಸರಿಯಿತು. ಯಾರೋ ಸಕ್ಕರೆ ಕಡಿಮೆಯಾಯಿತು ಎಂದರು. ಅವಳು ವರ್ಷವೆಲ್ಲ ಬಚ್ಚಿಟ್ಟುಕೊಂಡು ಬಂದದ್ದರ ಬಗ್ಗೆ ಜನಕ್ಕೆ ಹೊಳೆದದ್ದು ಅಷ್ಟೇ. ಬಿಲ್ಲೆ ಕಟ್ಟಿಸಿಕೊಂಡಿದ್ದ ಹುಡುಗರು ಮಾತ್ರ ಅದನ್ನೇ ನೆಪ ಮಾಡಿಕೊಂಡು ಬಿಲ್ಲೆಗಳನ್ನು ಕಿಟಕಿಗೆ ಎಸೆದು ಆಟಕ್ಕೆ ಓಡಿದರು.

ಸಂಜೆ ಅತ್ತೆ ಬಿಲ್ಲೆ ವಾಪಸ್ ಕೊಟ್ಟು ಬಂದು ಅವಳ ಮಂಚದ ಮೇಲೆ ಕೂತರು.

“ನಿಂತ್ರೆ ಏನಾಗುತ್ತೆ ನಿಂಗೆ?”

“ಗಂಟಲು ಕಟ್ಟುತ್ತೆ.”

“ಕೂತ್ರೆ?”

“ಗೊತ್ತಿಲ್ಲ ಅತ್ತೆ. ಕೂತು ಯಾರೂ ಓದಿಸಿಲ್ಲ.”

“ನಾನೂ ಮಕ್ಕಳನ್ನ ನಿಲ್ಲಿಸೇ ಓದ್ಸೋದು” ಎಂದರು ಅತ್ತೆ. ಆಮೇಲೆ ಹೆಡ್ ಮೇಡಂ ದನಿಯಲ್ಲಿ, “ನಾಳೆ ನಿನ್ನ ಕೈಲಿ ಆಗಲ್ಲ ಅಂದ್ರೆ ನಾನು ಓದ್ತೀನಿ. ಬೆಳಿಗ್ಗೆ ಹೇಳು. ಸ್ಕೂಲಿನ ಮಾತು ಮುಗೀತು ಅಂತ ಅನ್ಕೋಬೇಡ. ಅದನ್ನ ನಿಮ್ಮನೆಗೇ ಬಂದು ಮಾತಾಡ್ತೀನಿ. ನಿಮ್ಮಪ್ಪನ ಹತ್ರಾನೂ ಬೇರೆ ಮಾತಾಡೋದಿದೆ.”

ಈವತ್ತು ಬೆಳಿಗ್ಗೆ ಅವಳು ಪಾತ್ರೆ ತೊಳೆಯುವ ಜಾಗದಲ್ಲಿ, ಬೋಗುಣಿಗಳ ಮಧ್ಯೆ ಮಣೆ ಹಾಕಿಕೊಂಡು ಕೂತು ಮಧ್ಯಾಹ್ನ ಓದಬೇಕಾದ ಪುಟವನ್ನು ಓದಿ ನೋಡಿದಳು. ನಡುವೆ ಎರಡು ಕಡೆ ದನಿ ಸಿಕ್ಕಿಹಾಕಿಕೊಂಡಿತು. ಒಂದು ಸಾಲನ್ನು ಹೆದರಿಕೆಗೆ ಎರಡು ಸಲ ಓದಿದಳು.

“ಜೋರಾಗಿ ಓದು, ನಲ್ಲಿ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ” ಎಂದಳು ಪಾತ್ರೆ ಅಕ್ಕ. “ಆದ್ರೆ ನಿದ್ದೆ ಬರ್ಲಿಲ್ಲ.”

ಅವಳು ಕೈ ಒರೆಸಿಕೊಂಡು ಅತ್ತೆಯ ಹತ್ತಿರ ಹೋಗಿ, ತಾನೇ ಓದುತ್ತೇನೆ, ಕೂತು ಓದುತ್ತೇನೆ ಎಂದು ಹೇಳಿ ಬಂದಳು. ಹೇಳುವಾಗ ನಿಂತೇ ಇದ್ದಳು ಎಂಬುದು ಆಮೇಲೆ ಗೊತ್ತಾಯಿತು. ಅದನ್ನು ದೊಡ್ಡ ವಿಷಯ ಮಾಡಬೇಕಾಗಿಲ್ಲ. ಅತ್ತೆ ಒಬ್ಬರೇ ಇದ್ದರು.

ಈ ಹಾಳೆಯನ್ನು ಗೋಡೆಗೆ ಅಂಟಿಸುವವರ ಕೈಗೆ ಕೊಟ್ಟು, ಅವಳು ಊಟದ ಮನೆಗೆ ಹೋಗಿ, ಮೇಜಿನ ಹಿಂದೆ ಒಂದು ಕುರ್ಚಿ ಹಾಕಿಕೊಂಡು ಕೂತು, ಒಂದು ಪುಟ ಓದುತ್ತಾಳೆ.