ಬಾಗಲಾ ಕಾದ ಅನಸವ್ವ

ಬನಹಟ್ಟಿಯ ನಮ್ಮ ಓಣ್ಯಾಗ ಯಾರಿಗರ ಆರಾಮ ತಪ್ಪಿದ್ರ ಡಾಕ್ಟರಕಿಂತ ಮೊದಲ ಅನಸವ್ವ ಬರ್ತಿದ್ಲು. ಕೈಯಾಗ ತೆಂಗಿನಕಾಯಿ, ಇಲ್ಲಾ ನಾಕು ಬಾಳಿಹಣ್ಣು. ಹಾಸಗಿ ಮ್ಯಾಲೇ ಕುಂತು, ಹಣಿ ಮುಟ್ಟಿ ನೋಡಿ, ಚಾ ಕುಡದು, ಮನಿಮಂದಿನ್ನೆಲ್ಲಾ ನಗಿಸಿ ಹೋಗೂ ಹೆಣ್ಮಗಳು. ಮಾತಾಡ್ಸಾಕ ಬರದವರ ಮ್ಯಾಲೆ ಅಕಿಗೆ ಭಾಳ ಸಿಟ್ಟು. ಬಾಜೂ ಮನಿಯಾಕಿ ನಾನು, ಒಮ್ಮೆ ತಪ್ಪಿಸಿದ್ದಕ್ಕ ವಾರಗಟ್ಲೆ ಬೈಸಿಕೊಂಡೇನಿ.

ಅಂಥಾಕಿ ಮೊಮ್ಮಗಳು ಅಕ್ಷತಾ, ಆರನೇ ಇಯತ್ತೆ ಕಲಿಯಾಕಿ, ಸೊರಗಾಕ ಹತ್ತಿದ್ಲು. ಜ್ವರ ಹೋದಂಗ ಮಾಡಿ ಮತ್ತ ಬರೋದು. ಎಲಬು ನೋಯ್ತಾವ ಅಂತ ಅಳೋದು. ಹಲ್ಲು ತಿಕ್ಕಿದ್ರ ವಸಡಿನ್ಯಾಗ ರಕ್ತ. ತೊಡಿ ಮ್ಯಾಲೆ ನೀಲಿ ಕಲಿ ಎದ್ದಿದ್ವು. ಮಗ್ಗದ ನಡುವ ಆಡೂ ಹುಡುಗಿ, ಎಲ್ಲ್ಯರ ಬಡಿಸಿಕೊಂಡಿರಬೇಕು ಅಂತ ತಿಳದ್ವಿ. ಮಗ್ಗದ ಮನ್ಯಾಗ ನೀಲಿ ಕಲಿ ಯಾರಿಗಿಲ್ಲ, ಹೇಳ್ರಿ. ಕಡೀಕ ಜಮಖಂಡ್ಯಾಗ ರಕ್ತ ತಪಾಸ ಮಾಡಿಸಿ, ಬೆಳಗಾವ್ಯಾಗ ಸೊಂಟದ ಎಲಬಿನ ಮಜ್ಜೆ ತಗದು ನೋಡಿದ್ರು. ಲ್ಯುಕೇಮಿಯಾ, ರಕ್ತದ ಕ್ಯಾನ್ಸರ್ ಅಂದ್ರು.

"ನಾ ತಿನಿಸಿದ್ದು ಏನರ ಕಾರಣ ಆತೇನ್ರಿ?" ಅಂತ ಕೇಳಿದ್ಲಂತ ಅನಸವ್ವ.

"ಯಾರ ತಪ್ಪೂ ಅಲ್ಲಮ್ಮ," ಅಂದ್ರಂತ ಡಾಕ್ಟರ್. "ಯಾಕ ಬರ್ತೈತಿ ಅನ್ನೋದು ಭಾಳ ಸಲ ನಮಗೂ ತಿಳಿಯಂಗಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟಂಗೂ ಇಲ್ಲ. ಎರಡ್ಮೂರು ವರ್ಷ ಬಿಡದಂಗ ಔಷಧ ತಗೊಂಡ್ರ ಭಾಳ ಮಕ್ಕಳು ಗುಣ ಆಗ್ತಾರ. ಆದ್ರ ಆ ಔಷಧ ಕೆಟ್ಟ ಕಣದ ಜೋಡಿ ಛಲೋ ಬಿಳಿ ಕಣಾನೂ ಕೊಲ್ತೈತಿ. ಮಂದಿಗೆ ಬರೇ ನೆಗಡಿ ಆದದ್ದು ಇಕಿ ಜೀವಕ್ಕ ಬಂದೀತು. ಹೊರಗಿನವರನ್ನ ಒಳಗ ಬಿಡಬ್ಯಾಡ್ರಿ."

ಹುಡುಗಿ ಮನಿಗೆ ಬಂದ ದಿನದಿಂದ ಅನಸವ್ವ ಬಾಗಲಾ ಹಾಕಿ ಹೊರಗಿನ ಕಟ್ಟಿ ಮ್ಯಾಲೆ ಕುಂತ್ಲು. ತಾನು ಹೋಗಿದ್ದ ಅಷ್ಟೂ ಮನ್ಯಾರು ಬಂದ್ರು. "ಕಿಡಕ್ಯಾಗಿಂದ ಕೈ ಮಾಡಿ ಹೋಗ್ರಿ" ಅಂತಿದ್ಲು. ನನ್ನನ್ನೂ ಬಿಡಲಿಲ್ಲ. ನಂಗ ಸಿಟ್ಟು ಬಂದಿತ್ತು, ಖರೆ ಹೇಳ್ತೇನಿ. ಬಾಳಿಹಣ್ಣು ಕಟ್ಟಿ ಮ್ಯಾಲಿಟ್ಟು ಮಾತಾಡದ ಬಂದೆ.

ಚಿಮ್ಮಡದಿಂದ ಅಕಿ ಅಕ್ಕ ಸುಂದರವ್ವ ಬಂದ್ಲು, ಬೀರಪ್ಪ ದೇವರ ಗುಡಿಯ ಅರಿಷಿಣದ ಭಂಡಾರ ಹಿಡಕೊಂಡು, ಕೆಮ್ಮಿಕೋತ.

"ಭಂಡಾರ ಕೊಡು, ಇಲ್ಲೇ ಹೊರಗಿನ ಗ್ವಾಡಿ ಮಾಡದಾಗ ಇಡ್ತೇನಿ. ನೀ ಒಳಗ ಬರಬ್ಯಾಡಕ್ಕಾ."

"ಅವ್ವ ಸತ್ತಾಗ ನಿನ್ನ ಬಗಲಾಗ ಹೊತ್ತು ಬೆಳಸಿದಾಕಿ ನಾನು. ನನಗ ಬಾಗಲಾ ಹಾಕ್ತಿ? ಇನ್ನ ನಿನ್ನ ಹೊಚ್ಚಲಾ ತುಳಿಯಂಗಿಲ್ಲ ನಾ," ಅಂತ ಸುಂದರವ್ವ ಬಂದ ಬಸ್ಸಿಗೇ ಹೊಳ್ಳಿದ್ಲು. ಅನಸವ್ವ ಸೆರಗು ಬಾಯಿಗಿಟ್ಟು ಅತ್ಲು. ಕಟ್ಟಿ ಬಿಟ್ಟು ಏಳಲಿಲ್ಲ.

ಮುಂದ ಒಂದಿನ ಮುಂಜಾನೆ ಕಟ್ಟಿ ಮ್ಯಾಲಿಂದ ಸೀನು ಕೇಳಿಸ್ತು. ಅನಸವ್ವ ತನ್ನ ಹಣಿ ತಾನ ಮುಟ್ಟಿ ನೋಡಿಕೊಂಡ್ಲು. ಸೆರಗು ಮೂಗಿಗೆ ಕಟ್ಟಿ, ಕಿಡಕ್ಯಾಗಿಂದ ಮಗ ಮಹಾಲಿಂಗನ್ನ ಕೂಗಿ, "ಹುಡುಗಿ ಮೈ ಬಿಸಿ ಆತಂದ್ರ ತಡಾ ಮಾಡದ ದವಾಖಾನಿಗೆ ಒಯ್ಯಿ" ಅಂದ್ಲು. ಆಮ್ಯಾಲೆ ದೂರ ನಿಂತ ನನಗ ಹೇಳಿದ್ಲು: "ಕಟ್ಟಿ ಮ್ಯಾಲೆ ನೀ ಕುಂದ್ರವ್ವಾ. ಯಾರನ್ನೂ ಬಿಡಬ್ಯಾಡ. ನಾ ಬಂದ್ರೂ ಬಿಡಬ್ಯಾಡ."

ಒಳಗ ಹೋಗಿ ಒಂದು ಸೀರಿ ಸುದ್ದಾ ತಗೋಲಿಲ್ಲ, ಉಟ್ಟ ಸೀರಿ ಮ್ಯಾಲೇ ಚಿಮ್ಮಡದ ಬಸ್ಸು ಹತ್ತಿದ್ಲು. ನಾ ಕಟ್ಟಿ ಮ್ಯಾಲೆ ಕುಂತೆ. ಹುಡುಗಿಗೆ ಏನೂ ಆಗಲಿಲ್ಲ, ಬೀರಪ್ಪ ದೊಡ್ಡಾಂವ.

ಚಿಮ್ಮಡದಾಗ ಸುಂದರವ್ವ ಬಾಗಲದಾಗ ನಿಂತು, "ಯಾಕ ಬಂದಿ?" ಅಂದ್ಲಂತ.

"ನನಗೂ ನೆಗಡಿ ಆಗೇತಿ ಅಕ್ಕಾ. ಆ ಮನ್ಯಾಗ ನನ್ನೂ ಬಿಡಂಗಿಲ್ಲ."

ಸುಂದರವ್ವ ಬಾಗಲಾ ಬಿಟ್ಟು ಸರದ್ಲಂತ. ಒಳಗ ಹೋಗಿ, ತನ್ನ ಹಾಸಗಿ ಬಾಜೂಕ ಇನ್ನೊಂದು ಕೌದಿ ಹಾಸಿದ್ಲಂತ.