ಅಳತೆ ಕೇಳುವ ಕಪ್ಪು ಪರದೆ

ಮನೆಯವರೆಲ್ಲ ಅವಳನ್ನು ಕರೆಯುವುದು ಪುಟ್ಟಿ ಎಂದೇ. ವಯಸ್ಸು ಮೂವತ್ತು ದಾಟಿದೆ, ಯಾರಿಗೆ ಹೇಳೋಣ! ಸೋದರಮಾವನ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅವಳೊಂದು ಪ್ರೋಗ್ರಾಮು ಬರೆಯುತ್ತಿದ್ದಳು. ಅದರಲ್ಲಿ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪು ಮಾಡಿ ಅಳತೆ ಕೊಟ್ಟರೆ ಅಂಗಿಯ ಬಟ್ಟೆ ಕತ್ತರಿಸಲು ಬೇಕಾದ ಕಾಗದದ ಪ್ಯಾಟರ್ನ್ ಅಚ್ಚಾಗಿ ಬರಬೇಕು. ಸಾಲನ್ನು ಬಿಡಿಸಿ ಓದುವ, ತಪ್ಪಿದರೆ ಎಚ್ಚರಿಸುವ ಚಾಕರಿಗೆಲ್ಲ ಯಾರೋ ಪುಣ್ಯಾತ್ಮರು ಬರೆದಿಟ್ಟ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಇತ್ತು. ಅದನ್ನು ಜೋಡಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಇಷ್ಟಕ್ಕೆಲ್ಲ ಕಾರಣ ಅತ್ತೆ. ಮಾವ ಟೇಪು ಹಿಡಿದು ಕೂಗಿದ ಅಳತೆಯನ್ನು ಮದುವೆಯಾದಾಗಿನಿಂದ ಬರೆದುಕೊಂಡವರು ಅವರೇ. ಈಗ ಕೈ ನಡುಗುತ್ತದೆ. ಮನೆಯಲ್ಲಿ ಕಾಲು ಚಾಚಿ ಕೂರುವ ಆಸೆ. ಮಾವನೋ, ಆ ಜಾಗಕ್ಕೆ ಬೇರೆಯವರನ್ನು ಒಪ್ಪುವ ಆಸಾಮಿಯಲ್ಲ. ಪ್ರೋಗ್ರಾಮನ್ನು ಒಪ್ಪಿದರೆ ಮಾತ್ರ ಅತ್ತೆಗೆ ಬಿಡುಗಡೆ.

ಮೊದಲ ದಿನವೇ ಎಡವಟ್ಟಾಯಿತು. ಪ್ರತಿ ಅಂಕಿಗೂ ಮೊದಲು ಅದರ ಹೆಸರು ಬರೆಯಬೇಕೆಂದು ಪುಟ್ಟಿ ನಿಯಮ ಮಾಡಿದ್ದಳು. ಮಾವ ತಾವು ಕೂಗುವ ಕ್ರಮದಲ್ಲೇ, ಉದ್ದ, ಎದೆ, ಸೊಂಟ, ಭುಜ ಎಂದುಕೊಳ್ಳುತ್ತ ಬರೀ ಅಂಕಿ ಒತ್ತಿದರು. ಪರದೆ ತುಂಬ ಕೆಂಪಕ್ಷರ!

“ಕತ್ತರಿ ಹಿಡಿದೇ ತಲೆ ಹಣ್ಣಾಯ್ತು, ನನಗೇ ಕಣ್ಣು ಕೆಂಪು ಮಾಡುತ್ತಲ್ಲ ಇದು! ತಗೊಂಡೋಗು ಆಚೆ.”

“ಓದಿ ನೋಡಬಾರದಿತ್ತಾ, ಮಾವ?” ಎಂದಳು ಪುಟ್ಟಿ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಅವಳಿಗೆ ಅಳುವೇ ಬಂದಿತ್ತು.

ಅತ್ತೆ ನಕ್ಕರು. “ಅವರಿಗೆ ತಪ್ಪು ಅಂತ ಹೇಳಬಾರದು ಕಣೇ. ಅವರು ಕೂಗ್ತಾ ಹೋಗ್ತಾರೆ, ಬಿಟ್ಟಿದ್ದನ್ನ ನಾನು ಕೇಳ್ತೀನಿ. ಅಷ್ಟೇ.”

ಅಷ್ಟೇ! ಇಡೀ ಪ್ರೋಗ್ರಾಮೇ ಅದಲ್ಲವೇ? ಹೆಸರಿಲ್ಲದೆ ಬರೀ ಕ್ರಮ ನೋಡಿ ಓದುವುದಕ್ಕೂ, ಬಿಟ್ಟುಹೋದದ್ದನ್ನು ತಿರುಗಿ ಕೇಳುವುದಕ್ಕೂ ಲೈಬ್ರರಿಯಲ್ಲಿ ದಾರಿಯಿತ್ತು. ಪುಟ್ಟಿ ಕೆಂಪಕ್ಷರವನ್ನೆಲ್ಲ ಕಿತ್ತೆಸೆದಳು.

ಮಾರನೆಯ ದಿನ ಗಿರಾಕಿಯೊಬ್ಬರು ಬಂದರು. ಅತ್ತೆಯ ಒತ್ತಾಯಕ್ಕೆ ಮಾವ ಮುಖ ಗಂಟಿಕ್ಕಿಕೊಂಡೇ ಪರದೆಯ ಮುಂದೆ ಕೂತು, ಮಾತಿನ ಭರದಲ್ಲಿ ಭುಜದ ಅಳತೆ ಮರೆತು ಎಂಟರ್ ಒತ್ತಿದರು. ಬಿಳಿ ಅಕ್ಷರದಲ್ಲಿ ಮೂಡಿತು: ಭುಜ ಎಷ್ಟು?

“ಹದಿನೇಳೂವರೆ,” ಎಂದರು ಮಾವ, ಬಾಯಲ್ಲೇ, ಎಂದಿನ ಗತ್ತಿನಲ್ಲಿ. ಹೇಳಿ ಕಾದು ಕೂತರು.

ಅಂಗಡಿಗೆ ಅಂಗಡಿಯೇ ನಕ್ಕಿತು. “ಅದಕ್ಕೆ ಕಿವಿ ಇಲ್ಲ, ಬೆರಳಲ್ಲಿ ಹೇಳಿ,” ಎಂದರು ಅತ್ತೆ. ಮಾವನೂ ನಗುತ್ತ ಒತ್ತಿದರು. ಅಚ್ಚಾಗಿ ಬಂದ ಪ್ಯಾಟರ್ನಿನ ಮೇಲೆ ಟೇಪು ಎಳೆದು ಹುಡುಕಿದರು. ಒಂದು ಕೊಂಕೂ ಸಿಗಲಿಲ್ಲ.

ಅತ್ತೆ ಕನ್ನಡಕ ಮಡಚಿ ಚೀಲಕ್ಕೆ ಹಾಕಿಕೊಂಡರು. “ನಾಳೆಯಿಂದ ನಾನು ಬರಲ್ಲಪ್ಪ,” ಎಂದು ಖುಷಿಯಾಗಿ ಹೊರಟರು. ಪುಟ್ಟಿಗೆ ಎದೆ ತುಂಬಿ ಬಂತು.

ಅವರು ರಸ್ತೆ ದಾಟುವ ತನಕ ನೋಡುತ್ತ ನಿಂತಿದ್ದ ಮಾವ, ಆಮೇಲೆ ಪುಟ್ಟಿಯ ಹತ್ತಿರ ಬಂದು ದನಿ ತಗ್ಗಿಸಿದರು.

“ಭುಜ ಎಷ್ಟು ಅಂತ ಕೇಳುತ್ತಲ್ಲ ಅದು, ಕೊನೇಲಿ ಒಂದು ‘ರೀ’ ಸೇರಿಸೋಕಾಗುತ್ತಾ?”