ಪ್ರಾರ್ಥನೆಯ ಉಳಿದರ್ಧ

ಅಥವಾ ಅಜ್ಜಿಯ ತುಟಿ ಮಾತ್ರ ಅಲುಗಿತ್ತೋ, ದನಿಯನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ. ಈಗ ನೆನೆದರೆ ದನಿ ಸ್ಪಷ್ಟವಾಗಿ ಕೇಳುತ್ತದೆ, ಅದಕ್ಕೇ ನಂಬಿಕೆ ಬರುವುದಿಲ್ಲ. ಅಷ್ಟು ಸ್ಪಷ್ಟವಾಗಿ ಆ ಅಜ್ಜಿ ಯಾವತ್ತೂ ಮಾತಾಡಿದವಳಲ್ಲ.

ದೇರೆಬೈಲಿನ ಆ ವೃದ್ಧಾಶ್ರಮಕ್ಕೆ ನಾವು ಶನಿವಾರ ಮಧ್ಯಾಹ್ನ ಹೋಗುತ್ತಿದ್ದೆವು. ಡಿಗ್ರಿ ಮುಗಿಯುವುದರೊಳಗೆ ಇಷ್ಟು ಗಂಟೆ ಸಮಾಜಸೇವೆ ಆಗಬೇಕೆಂದು ಕಾಲೇಜಿನ ನಿಯಮ. ನಾವು ಎಂದರೆ ನಾನು ಮತ್ತು ನನ್ನ ಬೆಂಚಿನಲ್ಲೇ ಕೂರುವ ಗೆಳೆಯ. ಅವನ ಮನೆಮಾತು ತುಳು, ನನ್ನದು ಕೊಂಕಣಿ. ಅವನು ಮಂಚದಿಂದ ಮಂಚಕ್ಕೆ ಹೋಗಿ ಎಲ್ಲರ ಉಗುರು ಕತ್ತರಿಸುತ್ತಿದ್ದ. ನನಗೆ ಅಂಥದ್ದೇನೂ ಬಾರದು. ಕಿಟಕಿ ಪಕ್ಕದ ಆ ಅಜ್ಜಿಯ ಮಂಚದ ಬಳಿ ಕೂತು, ಮನೆಯಲ್ಲಿ ಸಂಜೆ ಹೇಳುವ ತೆರ್ಸನ್ನು, ಅಂದರೆ ನಾವು ಕ್ರೈಸ್ತರ ಜಪಮಾಲೆಯನ್ನು, ಕೊಂಕಣಿಯಲ್ಲಿ ಹೇಳುತ್ತಿದ್ದೆ. ಭಕ್ತಿಯಿಂದ ಎನ್ನಲಾರೆ. ಹೊತ್ತು ಹೋಗುತ್ತಿತ್ತು.

ತೆರ್ಸ್ ಒಬ್ಬರೇ ಹೇಳುವಂಥದ್ದಲ್ಲ. ಒಬ್ಬರು ಪ್ರತಿ ‘ನಮಾನ್ ಮರಿಯೆ’ ಪ್ರಾರ್ಥನೆಯ ಮೊದಲರ್ಧ ಹೇಳಿ ನಿಲ್ಲಿಸಬೇಕು, ಉಳಿದರ್ಧವನ್ನು ಮಿಕ್ಕವರು ಹೇಳಬೇಕು. ಅಭ್ಯಾಸಬಲದಿಂದ ನಾನೂ ನಿಲ್ಲಿಸುತ್ತಿದ್ದೆ. ಒಂದು ಶನಿವಾರ ಆ ಮಂಚದಿಂದ ಉಳಿದರ್ಧ ಬಂತು.

ಪಾರ್ಶ್ವವಾಯುವಿನಿಂದ ಮಾತು ಹೋಗಿದ್ದ ಅವಳನ್ನು ಪೊಲೀಸರು ಬಸ್‌ಸ್ಟ್ಯಾಂಡಿನಿಂದ ತಂದು ಬಿಟ್ಟಿದ್ದರಂತೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಕೊರಳಲ್ಲಿ ಕರಿಮಣಿ ಇತ್ತು, ಪದಕ ಇರಲಿಲ್ಲ. ಬರೀ ಕರಿಮಣಿಯಿಂದ ಇಲ್ಲಿ ಯಾವ ಧರ್ಮದವರೆಂದು ತಿಳಿಯುವುದಿಲ್ಲ. ನನ್ನ ಅಮ್ಮನ ಕೊರಳಲ್ಲೂ ಉಂಟು, ಗೆಳೆಯನ ಅಮ್ಮನ ಕೊರಳಲ್ಲೂ ಉಂಟು.

ಮಳೆಗಾಲ ಮುಗಿಯುವ ಹೊತ್ತಿಗೆ, ಕ್ಲಾಸು ನಡೆಯುತ್ತಿದ್ದಾಗ, ಆಶ್ರಮದ ಮುಖ್ಯಸ್ಥೆಯ ಫೋನು ಬಂತು. ಅವರು ಕೇರಳದ ಸಿಸ್ಟರ್, ಕೊಂಕಣಿ ಬಾರದು. ನಾವು ಮಾತಾಡುತ್ತಿದ್ದುದು ಕನ್ನಡದಲ್ಲಿ, ಇಬ್ಬರಿಗೂ ಮನೆಯದಲ್ಲದ ಭಾಷೆಯಲ್ಲಿ. ನನ್ನನ್ನು ಮಾತ್ರ ಅವರು ಮಲಯಾಳದ ‘ಮೋನೇ’, ಮಗನೇ, ಎಂದೇ ಕರೆಯುತ್ತಿದ್ದರು.

“ಮೋನೇ, ಕಿಟಕಿ ಹತ್ತಿರದ ಅಜ್ಜಿ ಹೋದರು. ಈಗ ಬರ್ಲಿಕ್ಕೆ ಆಗ್ತದಾ?”

ಗೆಳೆಯನೂ ಬಂದ. ಹಾಸಿಗೆಯ ಮೇಲೆ ಬಿಳಿ ಹೊದಿಕೆ ಇತ್ತು. ನನಗೆ ಏನೋ ಅನ್ನಿಸಬೇಕಿತ್ತು. ಅನ್ನಿಸಿದ್ದು ಹಸಿವು ಮಾತ್ರ.

“ಪೊಲೀಸರದ್ದು ಎಲ್ಲ ಆಯಿತು,” ಎಂದರು ಸಿಸ್ಟರ್. “ಇನ್ನು ಎಲ್ಲಿಗೆ ಅಂತ. ಕ್ರಿಶ್ಚನ್ ಅಂತ ಹೇಳ್ಲಿಕ್ಕೆ ಯಾರಾದರೂ ಉಂಟಾ ಅಂತ ಫಾದರ್ ಕೇಳ್ತಾರೆ. ಇದ್ದರೆ ಇಗರ್ಜಿಯ ಸ್ಮಶಾನದಲ್ಲಿ ಮಣ್ಣು. ಇಲ್ಲದಿದ್ದರೆ ಕಾರ್ಪೊರೇಷನ್‌ನವರು ತಕೊಂಡು ಹೋಗಿ ಸುಡ್ತಾರೆ. ತಪ್ಪಿ ಬೇರೆಯವರನ್ನು ಹೂಳಿದರೆ ನಾಳೆ ಗೇಟಿನ ಹತ್ತಿರ ಗಲಾಟೆ. ಈ ಊರು ನಿನಗೆ ಗೊತ್ತುಂಟಲ್ಲ. ಅವರು ನಿನ್ನ ಜೊತೆ ಪ್ರಾರ್ಥನೆ ಹೇಳಿದ್ದು ಹೌದಲ್ಲ?”

ಒಂದು ನಿಮಿಷ ಎಂದು ಹೇಳಿ ಗೆಳೆಯನನ್ನು ಜಗಲಿಗೆ ಕರೆದೆ.

“ನೀನೂ ಕೇಳಿದ್ದೀಯಲ್ಲ?”

“ಕೇಳಿದ ಹಾಗೆ ಉಂಟು. ಆದ್ರೆ ಅದು ಎಂತ ದೊಡ್ಡ ವಿಷಯ ಮಾರಾಯ? ನನ್ನ ಅಜ್ಜಿಗೆ ನಿಮ್ಮ ತೆರ್ಸ್ ಪೂರ ಬರ್ತದೆ. ಬಜಪೆಯಲ್ಲಿ ನಿಮ್ಮವರ ಮನೆಯಲ್ಲೇ ಕೆಲಸಕ್ಕೆ ಇದ್ದದ್ದಲ್ವಾ. ನಿನಗಿಂತ ಚಂದ ಹೇಳ್ತಾರೆ, ನೀನು ಮಧ್ಯದಲ್ಲಿ ಆಕಳಿಸ್ತಿ. ಮತ್ತೆ ಮನೆಗೆ ಬಂದು ದೈವಕ್ಕೆ ದೀಪ ಇಡ್ತಾರೆ.”

“ಹಾಗಾದ್ರೆ ಎಂತ ಹೇಳುವುದು?”

“ನನ್ನ ಹತ್ರ ಕೇಳ್ಬೇಡ. ನಾನು ಉಗುರಿನ ಡಿಪಾರ್ಟ್‌ಮೆಂಟ್.”

ಒಳಗೆ ಹೋಗಿ ನಾನು ಹೇಳಿದ್ದು “ಉತ್ತರ ಕೊಟ್ಟಿದ್ದರು ಸಿಸ್ಟರ್” ಎಂದು. ಗೆಳೆಯನ ಪ್ರಕಾರ ನಾನು ಹೇಳಿದ್ದು “ಹೌದು, ನಮ್ಮವರೇ” ಎಂದು. ಅವನು ನನ್ನ ಬೆನ್ನ ಹಿಂದೆಯೇ ನಿಂತಿದ್ದ. ನನಗಿಂತ ಅವನ ನೆನಪು ಒಳ್ಳೆಯದು, ಪರೀಕ್ಷೆಯಲ್ಲಂತೂ ಹೌದು. ನಾನು ಹೇಳಿದ ಮುಂದಿನ ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

“ನಮ್ಮವರ ಮನೆಯಲ್ಲಿ ಕೆಲಸಕ್ಕೆ ಇದ್ದವರಿಗೂ ತೆರ್ಸ್ ಬರ್ತದಂತೆ ಸಿಸ್ಟರ್.”

“ಬರ್ತದೆ ಮೋನೇ. ಆದರೆ ಎಲ್ಲ ಮಾತು ಹೋದ ಮೇಲೆ ಉಳಿದದ್ದು ಅದೇ ಅಲ್ಲ?” ಎಂದು ಅವರು ಫಾದರ್‌ಗೆ ಫೋನ್ ಮಾಡಿದರು.

ಅದು ಸರಿಯಾದ ವಾದವೇ ಎಂದು ಆಗ ಯೋಚಿಸಲಿಲ್ಲ. ಮೌಲ್ಯಶಿಕ್ಷಣದ ಕ್ಲಾಸಿನಲ್ಲಿ ಮನುಷ್ಯನ ಘನತೆಯ ಬಗ್ಗೆ ನಾನು ಪುಟಗಟ್ಟಲೆ ಬರೆದವನು. ಅಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹೂಳುವುದು ಘನತೆಯೋ ಸುಡುವುದು ಘನತೆಯೋ ಎಂದು ತೀರ್ಮಾನಿಸಬೇಕಾದವಳು ಹೊದಿಕೆಯ ಕೆಳಗಿದ್ದಳು.

ಆ ಸಂಜೆಯೇ ಮಣ್ಣು ಆಯಿತು. ಆಶ್ರಮದ ಕೆಲವರು, ಗುಂಡಿ ತೋಡಿದವರು, ನಾವಿಬ್ಬರು. ಹೆಸರು ಬರಬೇಕಾದ ಕಡೆಯಲ್ಲೆಲ್ಲ ಫಾದರ್ ‘ಈ ನಮ್ಮ ಸಹೋದರಿ’ ಎಂದು ದಾಟಿದರು. ಅವರು ಹೇಳಿದ ಪ್ರಾರ್ಥನೆಗಳಿಗೆ ನಾನೂ ದನಿಗೂಡಿಸಿದೆ. ಬಾಯಿ ತಾನೇ ಹೇಳಿಕೊಂಡು ಹೋಯಿತು.

ಒಂದೊಂದು ಹಿಡಿ ಮಣ್ಣು ಹಾಕುವಾಗ ಗೆಳೆಯ ಮೆಲ್ಲಗೆ ಕೇಳಿದ, “ನಾನು ಹಾಕ್ಬಹುದಾ?”

“ಹಾಕು.”

ಹಾಕಿದ. ಆಮೇಲೆ ನಳ್ಳಿಯಲ್ಲಿ ಕಾಲು ತೊಳೆದುಕೊಂಡ. ಮನೆಗೆ ಹೋಗಿ ತಲೆಗೆ ಸ್ನಾನ ಮಾಡದೆ ಒಳಗೆ ಬಿಡುವುದಿಲ್ಲ ಎಂದ. ನಾನು ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿ ಬಸ್ ಹತ್ತಿದೆ.

ಅವಳನ್ನು ಕೇಳಿಕೊಂಡು ಈವರೆಗೆ ಯಾರೂ ಬಂದಿಲ್ಲ. ಗೇಟಿನ ಹತ್ತಿರ ಗಲಾಟೆಯೂ ಆಗಲಿಲ್ಲ. ಅದರಿಂದ ಏನೂ ಸಾಬೀತಾಗುವುದಿಲ್ಲ. ಅವಳನ್ನು ಅವಳ ಜನರ ನಡುವೆ ಮಲಗಿಸಿದೆವೋ, ಅವಳಿಗೆ ಸಲ್ಲಬೇಕಾಗಿದ್ದ ಬೆಂಕಿಯನ್ನು ತಪ್ಪಿಸಿದೆವೋ, ನನಗೆ ಗೊತ್ತಿಲ್ಲ.